ಮತಪೆಟ್ಟಿಗೆಗೆ ಬೀಗವಿತ್ತು, ಪಟ್ಟಿಗೆ ಇರಲಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಫೋನ್ ಮಾಡಿದಾಗ, "ನೀನು ಕಂಪ್ಯೂಟರ್‌ನಲ್ಲಿರೋನು, ಮಕ್ಕಳಿಗೆ ಏನಾದರೂ ಹೊಸ ವಿಷಯ ಹೇಳಪ್ಪ" ಎಂದರು. ಯಾವ ವಿಷಯ ಎಂದು ಕೇಳಿದ್ದಕ್ಕೆ, "ಅದನ್ನ ನಾವು ಹೇಳೋ ಹಾಗಿದ್ರೆ ನಿನ್ನ ಯಾಕೆ ಕರೀತಿದ್ವಿ" ಎಂದು ಫೋನ್ ಇಟ್ಟರು. ಹಾಗಾಗಿ ವಿಷಯ ನಾನೇ ಆರಿಸಿಕೊಂಡಿದ್ದೇನೆ. ಅಮೆರಿಕದ ಒಂದು ರಾಜ್ಯ ತನ್ನ ಚುನಾವಣೆಯ ಕಂಪ್ಯೂಟರ್‌ಗಳನ್ನು ಕಾಪಾಡಿಕೊಳ್ಳಲು ಕೇಂದ್ರ ಸರ್ಕಾರದಿಂದ ಹಣ ಪಡೆದು ಏನು ಮಾಡಿತು ಎಂಬುದು ಇಂದಿನ ಮಾತು. ನಮ್ಮೂರಿಗೂ ಅದಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸಂಬಂಧ ಇದೇ ಕಟ್ಟಡದ ಮೂರನೆಯ ಕೋಣೆಯಲ್ಲಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಓದುವಾಗ ಚುನಾವಣೆ ಎಂದರೆ ಎರಡು ದಿನ ರಜೆ. ಬೆಂಚುಗಳನ್ನು ಹೊರಗೆ ಹಾಕಿ, ಕರಿಹಲಗೆಯ ಮುಂದೆ ರಟ್ಟಿನ ಮರೆ ಕಟ್ಟಿ, ಮೂರನೆಯ ಕೋಣೆಯನ್ನು ಮತಗಟ್ಟೆ ಮಾಡುತ್ತಿದ್ದರು. ನಮ್ಮ ಮೇಷ್ಟ್ರುಗಳು ಬೇರೆ ಊರಿಗೆ ಡ್ಯೂಟಿಗೆ ಹೋಗುತ್ತಿದ್ದರು, ಬೇರೆ ಊರಿನ ಮೇಷ್ಟ್ರುಗಳು ಇಲ್ಲಿಗೆ ಬರುತ್ತಿದ್ದರು. ಅವರು ಅರಗು ಕಾಯಿಸಿ ಸೀಲು ಹಾಕುವುದನ್ನು ನಾವು ಕಿಟಕಿಯಿಂದ ಇಣುಕಿ ನೋಡಿ ಬೈಸಿಕೊಂಡಿದ್ದೇವೆ.

2008ರ ಮೇ ತಿಂಗಳ ವಿಧಾನಸಭಾ ಚುನಾವಣೆ. ನಾನು ಬಿ.ಇ. ಮೊದಲ ವರ್ಷದಲ್ಲಿದ್ದೆ. ನಮ್ಮ ಅಜ್ಜಿ ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು, ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬಂದಳು. ಒಂದು ಗಂಟೆ ಸಾಲಿನಲ್ಲಿ ನಿಂತಳು. ಒಳಗೆ ಹೋದರೆ, ಪಟ್ಟಿಯಲ್ಲಿ ಅವಳ ಹೆಸರು ತೆಗೆದುಹಾಕಲಾಗಿತ್ತು. ತೀರಿಕೊಂಡಿದ್ದಾರೆ ಎಂಬ ಕಾರಣಕ್ಕೆ ಎಂದು ಆಮೇಲೆ ಗೊತ್ತಾಯಿತು. ಅದೇ ಹೆಸರಿನ ಇನ್ನೊಬ್ಬ ಅಜ್ಜಿ ಆ ವರ್ಷ ತೀರಿಕೊಂಡಿದ್ದರು, ಗೆರೆ ನಮ್ಮ ಅಜ್ಜಿಯ ಹೆಸರಿನ ಮೇಲೆ ಬಿದ್ದಿತ್ತು.

ಅಜ್ಜಿ ಆ ಮೇಷ್ಟ್ರನ್ನು ಕೇಳಿದಳು: "ಅಲ್ಲ ಸ್ವಾಮಿ, ನಾನು ನಿಮ್ಮ ಮುಂದೆ ನಿಂತಿವ್ನಿ, ಬದುಕಿರೋದು ಕಾಣ್ಸಲ್ವಾ?" ಅವರು ಒಳ್ಳೆಯವರು. "ಕಾಣ್ತಾ ಇದೆ ತಾಯಿ, ಆದ್ರೆ ಪಟ್ಟೀಲಿ ಇಲ್ವಲ್ಲ" ಎಂದು ತಲೆ ತಗ್ಗಿಸಿದರು. ಅಜ್ಜಿ ಮನೆಗೆ ಬಂದು ಆ ಸೀರೆಯನ್ನು ಮಡಚಿ ಪೆಟ್ಟಿಗೆಗೆ ಹಾಕಿ, ಸಂಜೆಯವರೆಗೂ ಯಾರೊಡನೆಯೂ ಮಾತಾಡಲಿಲ್ಲ.

ಅವತ್ತು ಮತಯಂತ್ರ ಸರಿಯಾಗಿತ್ತು. ಸೀಲು ಸರಿಯಾಗಿತ್ತು. ಪೊಲೀಸಿನವರೂ ಇದ್ದರು, ಎಲ್ಲ ಪಕ್ಷದ ಏಜೆಂಟರೂ ಇದ್ದರು. ಆದರೂ ಒಂದು ಮತ ಹೋಯಿತು. ಅದು ಹೋದದ್ದು ಮತಯಂತ್ರದಲ್ಲಲ್ಲ, ಪಟ್ಟಿಯಲ್ಲಿ. ಅದನ್ನು ನಾನು ಆಗ ಮರೆತುಬಿಟ್ಟೆ. ಎಂಟು ವರ್ಷದ ಮೇಲೆ ಇನ್ನೊಂದು ದೇಶದಲ್ಲಿ ನೆನಪಾಯಿತು.

2016ರಲ್ಲಿ ಕಂಪನಿಯ ಕೆಲಸದ ಮೇಲೆ ನಾನು ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದೆ. ಇಲಿನಾಯ್ ಎಂದರೆ ಶಿಕಾಗೊ ಇರುವ ರಾಜ್ಯ. ಶಿಕಾಗೊ ಬಿಟ್ಟು ಸ್ವಲ್ಪ ದೂರ ಬಂದರೆ ಎಲ್ಲೆಲ್ಲೂ ಮುಸುಕಿನ ಜೋಳ ಮತ್ತು ಸೋಯಾ ಹೊಲಗಳು. ನವೆಂಬರ್‌ನಲ್ಲಿ ಅಧ್ಯಕ್ಷರ ಚುನಾವಣೆ ಇತ್ತು. ಜುಲೈ 12ರಂದು ಅಲ್ಲಿನ ರಾಜ್ಯ ಚುನಾವಣಾ ಮಂಡಳಿಯವರು ಒಂದು ವಿಚಿತ್ರ ಗಮನಿಸಿದರು. ಇಡೀ ರಾಜ್ಯದ ಮತದಾರರ ಪಟ್ಟಿ ಇರುವ ಕಂಪ್ಯೂಟರ್ ಕಾರಣವಿಲ್ಲದೆ ನೂರಕ್ಕೆ ನೂರು ಶಕ್ತಿ ಹಾಕಿ ದುಡಿಯುತ್ತಿತ್ತು. ಏರಿನಲ್ಲಿ ಎತ್ತು ಏದುಸಿರು ಬಿಟ್ಟರೆ ಭಾರ ಹೆಚ್ಚಾಗಿದೆ ಎಂದು ನಮಗೆ ತಿಳಿಯುವ ಹಾಗೆ, ಅವರಿಗೂ ಅನುಮಾನ ಬಂತು. ನೋಡಿದರೆ, ಹೊರಗಿನಿಂದ ಯಾರೋ ಸೆಕೆಂಡಿಗೆ ಐದರಂತೆ, ಹಗಲೂ ರಾತ್ರಿ, ಆ ಪಟ್ಟಿಗೆ ಪ್ರಶ್ನೆ ಹಾಕುತ್ತಿದ್ದರು. ಅದು ಶುರುವಾಗಿ ಆಗಲೇ ಸುಮಾರು ಮೂರು ವಾರವಾಗಿತ್ತು. ಮರುದಿನ ಮಂಡಳಿಯವರು ಆ ವೆಬ್‌ಸೈಟನ್ನೇ ನಿಲ್ಲಿಸಿದರು.

ಒಳಗೆ ಬಂದವರು ಯಾರು ಎಂಬುದು ಆಮೇಲೆ ತಿಳಿಯಿತು. 2018ರ ಜುಲೈನಲ್ಲಿ ಅಮೆರಿಕದ ನ್ಯಾಯ ಇಲಾಖೆ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 12 ಅಧಿಕಾರಿಗಳ ಮೇಲೆ ದೋಷಾರೋಪ ಪಟ್ಟಿ ಸಲ್ಲಿಸಿತು. ಒಂದು ರಾಜ್ಯದ ಚುನಾವಣಾ ಮಂಡಳಿಯಿಂದ ಸುಮಾರು 5 ಲಕ್ಷ ಮತದಾರರ ವಿವರ ಕದ್ದಿದ್ದಾರೆ ಎಂದು ಅದರಲ್ಲಿತ್ತು. ಮಂಡಳಿಯ ತನ್ನದೇ ಲೆಕ್ಕ ಅದಕ್ಕಿಂತ ಕಡಿಮೆ ಇತ್ತು. ಎರಡೂ ಕಡೆಯವರು ಒಪ್ಪುವ ಮಾತು ಒಂದಿದೆ: ಹೆಸರು, ವಿಳಾಸ, ಹುಟ್ಟಿದ ದಿನಾಂಕ ಇಂಥವನ್ನು ನೋಡಿದ್ದಾರೆ, ಪಟ್ಟಿಯಲ್ಲಿ ಏನನ್ನಾದರೂ ಬದಲಾಯಿಸಿದ್ದಕ್ಕೆ ಪುರಾವೆ ಸಿಕ್ಕಿಲ್ಲ.

ಕಳ್ಳ ಒಳಗೆ ಬಂದ, ಪೆಟ್ಟಿಗೆ ತೆರೆದು ನೋಡಿದ, ಏನನ್ನೂ ಅಳಿಸದೆ ಹೋದ. ಹಾಗಾದರೆ ಭಯ ಏಕೆ? ನಮ್ಮ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಸುದ್ದಿ ಬಂದ ದಿನ ಅವರು ನನ್ನನ್ನು ಕೇಳಿದ್ದು ರಷ್ಯಾದ ವಿಷಯವನ್ನಲ್ಲ. "ನವೆಂಬರ್‌ನಲ್ಲಿ ನಾನು ಹೋದಾಗ ನನ್ನ ಹೆಸರು ಅಲ್ಲಿ ಇರುತ್ತಾ?" ಎಂದು ಕೇಳಿದರು. ಆ ಕ್ಷಣ ನನಗೆ ಅಜ್ಜಿ ಕಣ್ಣಮುಂದೆ ಬಂದಳು.

ಆ ಕಳ್ಳ ಒಳಗೆ ಬಂದದ್ದು ಹೇಗೆ ಎಂದು ಮಕ್ಕಳಿಗೆ ಹೇಳಬೇಕು, ಏಕೆಂದರೆ ಅದರಲ್ಲಿ ದೊಡ್ಡ ಮಾಯೆ ಏನೂ ಇಲ್ಲ.

ನಮ್ಮ ಶಾಲೆಯ ಆಫೀಸನ್ನೇ ತೆಗೆದುಕೊಳ್ಳಿ. ಟಿ.ಸಿ. ಬೇಕಾದವರು ಒಂದು ಚೀಟಿಯಲ್ಲಿ ಹೆಸರು ಬರೆದು ಕೊಡಬೇಕು. ಗುಮಾಸ್ತರು ಜವಾನನಿಗೆ ಹೇಳಿದ್ದಾರೆ: "ಚೀಟೀಲಿ ಏನಿದೆಯೋ ಅದನ್ನ ಬೀರುವಿನಿಂದ ತಗೊಂಡು ಬಾ." ನೀವು "ರಮೇಶ" ಎಂದು ಬರೆದರೆ ಅವನು ರಮೇಶನ ಟಿ.ಸಿ. ತರುತ್ತಾನೆ. ಒಬ್ಬ ಕಿಲಾಡಿ ಚೀಟಿಯಲ್ಲಿ ಹೀಗೆ ಬರೆಯುತ್ತಾನೆ: "ರಮೇಶನದು, ಹಾಗೇ ಬೀರುವಿನಲ್ಲಿರೋ ಎಲ್ಲರದೂ." ಜವಾನ ಪಾಪ, ಹೇಳಿದಷ್ಟು ಮಾಡುವವನು. ಬೀರುವನ್ನೇ ಖಾಲಿ ಮಾಡಿ ತಂದು ಕಿಟಕಿಯಲ್ಲಿ ಇಡುತ್ತಾನೆ.

ಇಲಿನಾಯ್‌ನಲ್ಲಿ ಆದದ್ದು ಇಷ್ಟೇ. ಜನ ಆನ್‌ಲೈನಿನಲ್ಲಿ ಮತದಾರರಾಗಿ ನೋಂದಾಯಿಸಿಕೊಳ್ಳುವ ಪುಟದಲ್ಲಿ ಒಂದು ಖಾಲಿ ಜಾಗವಿತ್ತು. ಅಲ್ಲಿ ಬರೆದದ್ದು ಬರೀ ಮಾಹಿತಿಯೋ ಅಥವಾ ಆಜ್ಞೆಯೋ ಎಂದು ಕಂಪ್ಯೂಟರ್ ಬೇರೆ ಮಾಡಿ ನೋಡುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುತ್ತಾರೆ. ಪರಿಹಾರವೂ ಸುಲಭ. ಜವಾನನಿಗೆ ಇಷ್ಟು ಹೇಳಿದರೆ ಸಾಕು: "ಚೀಟೀಲಿ ಏನೇ ಬರೆದಿರಲಿ, ಅದು ಒಬ್ಬನ ಹೆಸರು ಅಂತ ಮಾತ್ರ ಓದಿಕೋ. ಆ ಹೆಸರಿನೋರು ಯಾರೂ ಇಲ್ಲದಿದ್ರೆ ಇಲ್ಲ ಅಂತ ಹೇಳು."

ಇದನ್ನು ನಾನು ಅವರ ತಪ್ಪು ಎಂದು ನಗುತ್ತಾ ಹೇಳುತ್ತಿಲ್ಲ. ಇದೇ ತಪ್ಪನ್ನು ನಾನು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಗಿರಾಕಿಯೊಬ್ಬರಿಗಾಗಿ ಒಂದು ಹುಡುಕುವ ಪುಟ ಬರೆದಿದ್ದೆ. ಚೆನ್ನಾಗಿ ಓಡುತ್ತಿತ್ತು, ನನಗೆ ಬಹಳ ಹೆಮ್ಮೆ. ನಮ್ಮ ಹಿರಿಯ ಸಹೋದ್ಯೋಗಿ ಬಂದು ಆ ಖಾಲಿ ಜಾಗದಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ, ಮುಂದೆ ನಾಲ್ಕು ಅಕ್ಷರ ಕುಟ್ಟಿದರು. ಸಾವಿರಾರು ಜನರ ವಿವರ ಪರದೆಯ ಮೇಲೆ ಸುರಿದುಕೊಂಡು ಬಂತು. ಅವರು ಬೈಯಲಿಲ್ಲ. "ಇದು ನಾಳೆ ಬೆಳಿಗ್ಗೆ ಜನರ ಕೈಗೆ ಹೋಗೋದಿತ್ತು, ಗೊತ್ತಲ್ವಾ?" ಎಂದರು ಅಷ್ಟೇ. ಆ ರಾತ್ರಿ ನಾನು ಮಲಗಲಿಲ್ಲ. ನಾಲ್ಕು ವರ್ಷ ಬಿ.ಇ. ಓದಿ, ಒಳ್ಳೆಯ ಅಂಕ ತೆಗೆದಿದ್ದೆ. ಬಂದ ಚೀಟಿಯನ್ನು ನಂಬಬೇಡ ಎಂಬ ಪಾಠ ಮಾತ್ರ ಮನಸ್ಸಿಗೆ ಇಳಿದಿರಲಿಲ್ಲ.

ಈಗ ಸರ್ಕಾರ ಏನು ಮಾಡಿತು ಎಂಬುದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಒಂದು ವ್ಯತ್ಯಾಸ ತಿಳಿದಿರಬೇಕು. ನಮ್ಮಲ್ಲಿ ಲೋಕಸಭೆ, ವಿಧಾನಸಭೆ ಚುನಾವಣೆಗಳನ್ನು ದೇಶಕ್ಕೆಲ್ಲ ಒಂದೇ ಚುನಾವಣಾ ಆಯೋಗ ನಡೆಸುತ್ತದೆ. ಅಮೆರಿಕದಲ್ಲಿ ಹಾಗಿಲ್ಲ. ಅಧ್ಯಕ್ಷರ ಚುನಾವಣೆಯನ್ನೂ ಆಯಾ ರಾಜ್ಯವೇ ನಡೆಸುತ್ತದೆ. ರಾಜ್ಯದೊಳಗೆ ಕೌಂಟಿ ಎಂಬ ಭಾಗಗಳು, ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನ ಹಾಗೆ. ಇಲಿನಾಯ್‌ನಲ್ಲಿ 102 ಕೌಂಟಿಗಳಿವೆ. ಬಹುತೇಕ ಕಡೆ ಕೌಂಟಿ ಕ್ಲರ್ಕ್ ಎಂಬವರು ಚುನಾವಣೆ ನಡೆಸುತ್ತಾರೆ. ಹೆಸರು ಕ್ಲರ್ಕ್, ಆದರೆ ಜನರೇ ಆರಿಸಿದ ಅಧಿಕಾರಿ. ಶಿಕಾಗೊ ಕಡೆ ದೊಡ್ಡ ಕಚೇರಿ, ಬೇಕಾದಷ್ಟು ತಂತ್ರಜ್ಞರು. ಜೋಳದ ಹೊಲಗಳ ನಡುವಿನ ಕೌಂಟಿಯಲ್ಲಿ ಎರಡು ಮೂರು ಜನ ನೌಕರರು. ಜನನ ಮರಣ ನೋಂದಣಿ, ಮದುವೆ ಲೈಸೆನ್ಸು ಮಾಡುವವರೇ ಚುನಾವಣೆಯನ್ನೂ ಮಾಡಬೇಕು. ಅವರ ಎದುರಿಗೆ ನಿಂತದ್ದು ಇನ್ನೊಂದು ದೇಶದ ಸೇನೆ.

ಕೇಂದ್ರ ಸರ್ಕಾರ ಚುನಾವಣೆಗೆ ರಾಜ್ಯಗಳಿಗೆ ಹಣ ಕೊಟ್ಟದ್ದು ಇದು ಮೊದಲ ಸಲವೂ ಅಲ್ಲ. 2000ನೇ ಇಸವಿಯಲ್ಲಿ ಫ್ಲಾರಿಡಾ ರಾಜ್ಯದಲ್ಲಿ ಬರೀ 537 ಮತಗಳ ಅಂತರದಲ್ಲಿ ಅಧ್ಯಕ್ಷರು ಯಾರೆಂದು ತೀರ್ಮಾನವಾಯಿತು. ಅಲ್ಲಿ ಆಗ ಮತಚೀಟಿಗೆ ತೂತು ಮಾಡುವ ಪದ್ಧತಿ. ತೂತು ಪೂರ್ತಿ ಆಗಿದೆಯೋ, ಕಾಗದದ ಚೂರು ಅಂಟಿಕೊಂಡಿದೆಯೋ ಎಂದು ಭೂತಗನ್ನಡಿ ಹಿಡಿದು ನೋಡುತ್ತಾ ಕೂತರು. ಆ ಅವಮಾನದ ನಂತರ 2002ರಲ್ಲಿ ಒಂದು ಕಾಯ್ದೆ ಬಂತು. 300 ಕೋಟಿ ಡಾಲರ್‌ಗೂ ಹೆಚ್ಚು ಹಣ ರಾಜ್ಯಗಳಿಗೆ ಹೋಯಿತು. ಆ ಕಾಯ್ದೆ ಮೂರು ಕೆಲಸ ಮಾಡಿತು. ಹಳೆಯ ಯಂತ್ರ ತೆಗೆದು ಹೊಸದು ಕೊಳ್ಳಲು ಹಣ ಕೊಟ್ಟಿತು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು, ಅವರಿಂದ ತಾತ್ಕಾಲಿಕ ಮತ ಹಾಕಿಸಿ, ಬೇರೆ ಇಟ್ಟು, ಆಮೇಲೆ ಪರಿಶೀಲಿಸಿ ಎಣಿಸಬೇಕು ಎಂದಿತು. ನಮ್ಮ ಅಜ್ಜಿಗೆ ಅಂದು ಇಂಥದ್ದೊಂದು ಲಕೋಟೆ ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಮೂರನೆಯದು, ಪ್ರತಿ ರಾಜ್ಯವೂ ಮತದಾರರ ಪಟ್ಟಿಯನ್ನು ಒಂದೇ ಕಂಪ್ಯೂಟರ್ ಪಟ್ಟಿಯಾಗಿ ಮಾಡಬೇಕು ಎಂದಿತು. ಒಬ್ಬನ ಹೆಸರು ಎರಡು ಕಡೆ ಇರಬಾರದು ಎಂಬ ಒಳ್ಳೆಯ ಉದ್ದೇಶ. ಆದರೆ ಊರೂರಿನ ಕಣಜದಲ್ಲಿದ್ದ ಧಾನ್ಯವನ್ನೆಲ್ಲ ತಂದು ಒಂದೇ ಉಗ್ರಾಣಕ್ಕೆ ಸುರಿದರೆ, ಕಳ್ಳನಿಗೂ ಒಂದೇ ಬೀಗ ಮುರಿದರೆ ಸಾಕು. 2016ರಲ್ಲಿ ಆದದ್ದು ಅದು.

ಇನ್ನೊಂದು ಸಂಗತಿ. ಹೀಗೆ 21 ರಾಜ್ಯಗಳ ಕಂಪ್ಯೂಟರ್‌ಗಳ ಬಾಗಿಲು ತಟ್ಟಿ ನೋಡಿದ್ದಾರೆ ಎಂದು ಕೇಂದ್ರ ಸರ್ಕಾರ ಆಯಾ ರಾಜ್ಯದ ಚುನಾವಣಾ ಅಧಿಕಾರಿಗಳಿಗೆ ತಿಳಿಸಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಚುನಾವಣೆ ಮುಗಿದು ಹತ್ತು ತಿಂಗಳಾಗಿತ್ತು. ಒಂದು ಮನೆಗೆ ಕಳ್ಳ ಬಂದರೆ ಬೀದಿಯವರೆಲ್ಲ ಅಂದು ರಾತ್ರಿಯೇ ಎಚ್ಚರವಾಗಿರುತ್ತೇವೆ. ಅಲ್ಲಿ ಗುಟ್ಟಿನ ಹೆಸರಿನಲ್ಲಿ ಬೀದಿ ಮಲಗಿತ್ತು. ಇದರಿಂದ ಪಾಠ ಕಲಿತು 2018ರಲ್ಲಿ, ಎಲ್ಲ ರಾಜ್ಯ, ಕೌಂಟಿಗಳ ಚುನಾವಣಾ ಕಚೇರಿಗಳು ಇಂಥ ಸುದ್ದಿಯನ್ನು ಒಬ್ಬರಿಗೊಬ್ಬರು ಕೂಡಲೇ ತಿಳಿಸಲು ಒಂದು ಕೇಂದ್ರ ಕಟ್ಟಿದರು.

ಅದೇ 2018ರ ಮಾರ್ಚ್‌ನಲ್ಲಿ ಅಮೆರಿಕದ ಸಂಸತ್ತು ರಾಜ್ಯಗಳಿಗೆ 38 ಕೋಟಿ ಡಾಲರ್ ಮಂಜೂರು ಮಾಡಿತು. ಷರತ್ತು ಎರಡು. ರಾಜ್ಯ ತನ್ನ ಪಾಲಿನ ನೂರಕ್ಕೆ ಐದು ಹಾಕಬೇಕು. ಹಣವನ್ನು ಯಾವುದಕ್ಕೆ ಖರ್ಚು ಮಾಡುತ್ತೇವೆ ಎಂಬ ಯೋಜನೆಯನ್ನು ಬರೆದು ಕೊಡಬೇಕು. ಎಲ್ಲ ರಾಜ್ಯಗಳ ಯೋಜನೆ ಕೂಡಿಸಿ ನೋಡಿದರೆ, ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸೈಬರ್ ಭದ್ರತೆಗೆ, ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೊಸ ಯಂತ್ರಗಳಿಗೆ ಹೋಗಿತ್ತು. ಉಳಿದದ್ದು ಪಟ್ಟಿಯ ಸುಧಾರಣೆಗೆ, ತಪಾಸಣೆಗೆ, ಇತರ ಕೆಲಸಗಳಿಗೆ.

ಇಲಿನಾಯ್‌ಗೆ ಬಂದದ್ದು ಸುಮಾರು 1 ಕೋಟಿ 32 ಲಕ್ಷ ಡಾಲರ್. ನಾನು ಆಗ ಬೆಂಗಳೂರಿಗೆ ವಾಪಸಾಗಿದ್ದೆ. ಆದರೂ ಆ ರಾಜ್ಯ ಏನು ಮಾಡುತ್ತದೆ ಎಂದು ಕುತೂಹಲದಿಂದ ನೋಡುತ್ತಿದ್ದೆ. ಅವರು ಮಾಡಿದ್ದು ನನಗೆ ಮೆಚ್ಚುಗೆಯಾಯಿತು. ಎಲ್ಲರಿಗೂ ಸಮನಾಗಿ ಹಂಚಿ ಕೈತೊಳೆದುಕೊಳ್ಳಬಹುದಿತ್ತು. ರಾಜಧಾನಿಯಲ್ಲಿ ಒಂದು ದೊಡ್ಡ ಯಂತ್ರ ತಂದು ಕೂರಿಸಿ ಉದ್ಘಾಟನೆಯ ಫೋಟೊ ತೆಗೆಸಿಕೊಳ್ಳಬಹುದಿತ್ತು. ಬದಲಿಗೆ, ಬಂದ ಹಣದಲ್ಲಿ ಕನಿಷ್ಠ ಅರ್ಧವನ್ನು ಒಂದೇ ಕೆಲಸಕ್ಕೆ ಇಡಬೇಕೆಂದು ಕಾನೂನು ಮಾಡಿದರು. ಆ ಕೆಲಸಕ್ಕೆ ಸೈಬರ್ ನ್ಯಾವಿಗೇಟರ್ ಎಂದು ಹೆಸರು. ಕಂಪ್ಯೂಟರ್ ಭದ್ರತೆ ಬಲ್ಲ ಕೆಲವರನ್ನು ನೇಮಿಸಿ, ಒಬ್ಬೊಬ್ಬರಿಗೂ ಇಷ್ಟಿಷ್ಟು ಕೌಂಟಿ ಎಂದು ಹಂಚಿ, ಕಚೇರಿಯಿಂದ ಕಚೇರಿಗೆ ಕಳಿಸಿದರು.

ನಿಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಇವರು ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ. ದೊಡ್ಡಾಸ್ಪತ್ರೆ ಜಿಲ್ಲೆಯಲ್ಲಿರುತ್ತದೆ, ಆದರೆ ಬಸುರಿಗೆ ಮಾತ್ರೆ ಸಿಕ್ಕಿತೇ, ಮಗುವಿಗೆ ಲಸಿಕೆ ಆಯಿತೇ ಎಂದು ಬಾಗಿಲಿಗೆ ಬಂದು ಕೇಳುವವರು ಇವರು. ಹಾಗೆಯೇ ಈ ನ್ಯಾವಿಗೇಟರ್ ಕೌಂಟಿ ಕಚೇರಿಗೆ ಹೋಗಿ ಅಪಾಯ ಎಲ್ಲಿದೆ ಎಂದು ತಪಾಸಣೆ ಮಾಡುತ್ತಾರೆ. ಹಳೆಯ ಸಾಫ್ಟ್‌ವೇರ್ ಇದೆಯೇ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದಾರೆಯೇ, ಕೆಲಸ ಬಿಟ್ಟು ಹೋದವರ ಖಾತೆ ಇನ್ನೂ ತೆರೆದೇ ಇದೆಯೇ ಎಂಬಂಥ ಸಣ್ಣ ಸಣ್ಣ ವಿಷಯಗಳಲ್ಲೇ ಇಂಥ ಅಪಾಯ ಇರುತ್ತದೆ. ನೌಕರರಿಗೆ ಮೋಸದ ಇ-ಮೇಲ್ ಗುರುತಿಸುವುದನ್ನು ಕಲಿಸುತ್ತಾರೆ. ಜೊತೆಗೆ, ಶಾಲೆ, ಗ್ರಂಥಾಲಯಗಳಿಗಾಗಿ ಆ ರಾಜ್ಯ ಮೊದಲೇ ಹಾಕಿದ್ದ ಸೆಂಚುರಿ ನೆಟ್‌ವರ್ಕ್ ಎಂಬ ಸ್ವಂತ ಜಾಲವಿತ್ತು. ಕೌಂಟಿಯ ಚುನಾವಣಾ ಕಚೇರಿಗಳನ್ನು ಅದಕ್ಕೆ ಜೋಡಿಸಿದರು. ಹೊರಗಿನಿಂದ ಯಾರು ಬರುತ್ತಾರೆ, ಹೋಗುತ್ತಾರೆ ಎಂದು ಕಾಯಲು ಇದರಿಂದ ಅನುಕೂಲವಾಯಿತು. ಶಾಲೆಗೆ ಎಂದು ಎಳೆದ ತಂತಿಯೇ ಚುನಾವಣೆಯನ್ನು ಕಾಯಲು ಬಂತು ಎಂಬುದು ಶಾಲೆಯ ಸಮಾರಂಭದಲ್ಲಿ ಹೇಳಬೇಕಾದ ಮಾತು.

ಬೇರೆ ರಾಜ್ಯಗಳ ದಾರಿ ಬೇರೆ. 2016ರಲ್ಲಿ ಐದು ರಾಜ್ಯಗಳು ಪೂರ್ತಿಯಾಗಿ ಕಾಗದವಿಲ್ಲದ ಯಂತ್ರಗಳಲ್ಲಿ ಮತ ಹಾಕಿಸುತ್ತಿದ್ದವು. ಯಂತ್ರ ಹೇಳಿದ ಲೆಕ್ಕವನ್ನು ಸರಿಯೋ ತಪ್ಪೋ ಎಂದು ಇನ್ನೊಂದಕ್ಕೆ ಹೋಲಿಸಲು ಅಲ್ಲಿ ಏನೂ ಇರಲಿಲ್ಲ. ಅವುಗಳಲ್ಲಿ ಒಂದಾದ ಜಾರ್ಜಿಯಾ 2020ರ ಹೊತ್ತಿಗೆ ಕಾಗದ ಮುದ್ರಿಸುವ ಯಂತ್ರಗಳಿಗೆ ಬಂತು. ಅದೇ ವರ್ಷ ಅಲ್ಲಿ ಫಲಿತಾಂಶದ ಬಗ್ಗೆ ದೊಡ್ಡ ಗಲಾಟೆ ಎದ್ದಿತು. ಕಾಗದ ಇದ್ದದ್ದರಿಂದ ಸುಮಾರು 50 ಲಕ್ಷ ಮತಗಳನ್ನು ಕೈಯಲ್ಲೇ ಎಣಿಸಿದರು. ಗೆದ್ದವರು ಬದಲಾಗಲಿಲ್ಲ. ಕಾಗದ ಇಲ್ಲದಿದ್ದರೆ ಜಗಳ ಬಗೆಹರಿಸಲು ಯಾವ ದಾರಿಯೂ ಇರುತ್ತಿರಲಿಲ್ಲ.

ಕೊಲರಾಡೊ ಎಂಬ ರಾಜ್ಯ 2017ರಲ್ಲಿ ಇನ್ನೊಂದು ಉಪಾಯ ತಂದಿತು. ಎಲ್ಲ ಮತ ಎಣಿಸುವುದು ಕಷ್ಟ. ಅನ್ನ ಬೆಂದಿದೆಯೇ ಎಂದು ನೋಡಲು ಇಡೀ ಗುಂಡಿಯನ್ನು ಹಿಸುಕುತ್ತೇವೆಯೇ? ಅಗುಳು ಹಿಸುಕಿದರೆ ಸಾಕು. ಆದರೆ ಯಾವ ಅಗುಳು ಎಂಬುದನ್ನು ಅಡುಗೆಯವನು ಆರಿಸಬಾರದು. ಅದಕ್ಕೆ ಅವರು ಸಾರ್ವಜನಿಕರ ಎದುರು ಹತ್ತು ಮುಖದ ದಾಳವನ್ನು ಇಪ್ಪತ್ತು ಸಲ ಉರುಳಿಸುತ್ತಾರೆ. ಬಂದ ಅಂಕಿಗಳಿಂದ ಯಾವ ಮತಚೀಟಿ ತೆಗೆದು ನೋಡಬೇಕೆಂದು ಲೆಕ್ಕ ಹಾಕುತ್ತಾರೆ. ಗೆಲುವಿನ ಅಂತರ ದೊಡ್ಡದಾದರೆ ಕೆಲವೇ ಚೀಟಿ, ಅಂತರ ಸಣ್ಣದಾದರೆ ಹೆಚ್ಚು ಚೀಟಿ. ಕೋಟ್ಯಂತರ ರೂಪಾಯಿಯ ಕಂಪ್ಯೂಟರನ್ನು ಪರೀಕ್ಷೆ ಮಾಡುವುದಕ್ಕೆ ಕೊನೆಗೆ ಬೇಕಾದದ್ದು ಕಾಗದ, ದಾಳ ಮತ್ತು ನೋಡುತ್ತಾ ನಿಂತ ಜನ. ಹತ್ತನೆಯ ತರಗತಿಯ ಸಂಭವನೀಯತೆಯ ಪಾಠ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದೇ ಉತ್ತರ.

ಈಗ ಈ ಕಥೆಯ ಕಹಿ ಭಾಗ. 2018ರಲ್ಲಿ 38 ಕೋಟಿ ಡಾಲರ್ ಬಂತು. 2020ರ ಚುನಾವಣೆಗೆ ಮೊದಲು ಇನ್ನೂ 42.5 ಕೋಟಿ ಬಂತು. ಆಮೇಲೆ 2022ರಲ್ಲಿ 7.5 ಕೋಟಿ, 2023ರಲ್ಲಿ ಅಷ್ಟೇ, 2024ರಲ್ಲಿ 5.5 ಕೋಟಿ, 2025ರಲ್ಲಿ ಇಡೀ ದೇಶಕ್ಕೆ 1.5 ಕೋಟಿ. ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಲು ಕಟ್ಟಿದ್ದರಲ್ಲ, ಆ ಕೇಂದ್ರಕ್ಕೂ 2025ರಲ್ಲಿ ಕೇಂದ್ರ ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿತು. ಕಳ್ಳ ಬಂದ ವರ್ಷ ಎಲ್ಲರೂ ಬೀಗ ಕೊಂಡರು. ಕಳ್ಳ ಬಾರದ ವರ್ಷ ಕಾವಲುಗಾರನ ಸಂಬಳ ದಂಡ ಎನಿಸಿತು. ಆದರೆ ಕಂಪ್ಯೂಟರಿನ ಬೀಗ ಒಮ್ಮೆ ಹಾಕಿ ಮರೆಯುವ ಬೀಗವಲ್ಲ. ಕಳ್ಳ ಪ್ರತಿ ತಿಂಗಳೂ ಹೊಸ ಕೀಲಿ ಮಾಡುತ್ತಾನೆ. ನಾವೂ ಪ್ರತಿ ತಿಂಗಳೂ ಬೀಗ ಸರಿಮಾಡುತ್ತಿರಬೇಕು.

ಇದು ನಮ್ಮ ಶಾಲೆಗೆ ಗೊತ್ತಿಲ್ಲದ ವಿಷಯವೇನಲ್ಲ. ಕಟ್ಟಡಕ್ಕೆ ಅನುದಾನ ಬರುತ್ತದೆ, ಮರುವರ್ಷ ಸುಣ್ಣ ಬಳಿಯಲು ಬರುವುದಿಲ್ಲ. ನಾವು ಓದುವಾಗ ಕಂಪ್ಯೂಟರ್‌ಗಳು ಬಂದವು. ಪೂಜೆ ಮಾಡಿ, ಕುಂಕುಮ ಇಟ್ಟು, ಪ್ಲಾಸ್ಟಿಕ್ ಹೊದಿಸಿದರು. ಯುಪಿಎಸ್ ಬ್ಯಾಟರಿ ಕೆಟ್ಟಾಗ ಹೊಸದು ತರಲು ದುಡ್ಡಿರಲಿಲ್ಲ. ನಾನು ಈ ಶಾಲೆಯಲ್ಲಿ ಕಂಪ್ಯೂಟರ್ ಮುಟ್ಟಿದ್ದು ಒಟ್ಟು ಆರು ಸಲ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಆ ಆರು ಸಲವೂ ಮೇಷ್ಟ್ರು ಪಕ್ಕದಲ್ಲಿ ನಿಂತು, "ಮುರಿದ್ರೂ ಪರವಾಗಿಲ್ಲ, ಒತ್ತು" ಎಂದರು. ನನ್ನ ಇವತ್ತಿನ ಅನ್ನ ಆ ಮಾತಿನಿಂದ ಬಂದಿದೆ.

ನಮ್ಮ ದೇಶದ ಮಾತಿಗೆ ಬರೋಣ. ನಮ್ಮ ಮತಯಂತ್ರ ಇಂಟರ್‌ನೆಟ್ಟಿಗೆ ಜೋಡಿಸದ ಯಂತ್ರ. ಅದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿ.ಇ.ಎಲ್. ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನದು. ಬೆಳಿಗ್ಗೆ ಮತದಾನಕ್ಕೆ ಮೊದಲು ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ತೋರಿಸುವ ಅಣಕು ಮತದಾನ ಇದೆ. ನೀವು ಒತ್ತಿದ ಮೇಲೆ ಏಳು ಸೆಕೆಂಡು ಕಾಗದದ ಚೀಟಿ ಕಾಣುತ್ತದೆ. ದಯವಿಟ್ಟು ಅದನ್ನು ನೋಡಿಯೇ ಹೊರಗೆ ಬನ್ನಿ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ಆ ಕಾಗದಗಳನ್ನು ಎಣಿಸಿ ತಾಳೆ ನೋಡುತ್ತಾರೆ.

ಆದರೆ ಪಟ್ಟಿ ಕಂಪ್ಯೂಟರಿನಲ್ಲಿದೆ. ಸೇರಿಸಲು, ತೆಗೆಯಲು ಅರ್ಜಿಯನ್ನು ಮೊಬೈಲಿನಲ್ಲೇ ಹಾಕಬಹುದು. ಅದು ದೊಡ್ಡ ಅನುಕೂಲ. ದೂರದ ಊರಿನಲ್ಲಿ ಕೆಲಸ ಮಾಡುವ ನನ್ನಂಥವರಿಗೆ ವರವೇ ಸರಿ. ಅದರ ಇನ್ನೊಂದು ಮುಖ ನಮ್ಮ ರಾಜ್ಯದಲ್ಲೇ ಕಂಡಿತು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಬೇಕೆಂದು 6,018 ಆನ್‌ಲೈನ್ ಅರ್ಜಿಗಳು ಬಂದವು. ಅನುಮಾನ ಬಂದು ಅಧಿಕಾರಿಗಳು ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಸರಿ ಇದ್ದದ್ದು 24 ಮಾತ್ರ. ಉಳಿದ 5,994ನ್ನು ತಿರಸ್ಕರಿಸಿ ಪೊಲೀಸರಿಗೆ ದೂರು ಕೊಟ್ಟರು. ಯಾರು ಮಾಡಿದರು ಎಂಬುದು ತನಿಖೆಗೆ ಬಿಟ್ಟದ್ದು. ಈ ವೇದಿಕೆಯಲ್ಲಿ ಎಲ್ಲ ಪಕ್ಷದವರೂ ಇದ್ದೀರಿ, ನಾನು ಆ ಕಡೆ ಹೋಗುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಇಷ್ಟು: ಆ ಮತಗಳನ್ನು ಉಳಿಸಿದ್ದು ಯಾವ ಸಾಫ್ಟ್‌ವೇರೂ ಅಲ್ಲ. ಮನೆ ಬಾಗಿಲಿಗೆ ಹೋಗಿ, "ಅಮ್ಮಾ, ನೀವು ಇಲ್ಲೇ ಇದ್ದೀರಲ್ವಾ?" ಎಂದು ಕೇಳಿದ ಒಬ್ಬ ಮನುಷ್ಯ. ನಮ್ಮೂರಿನಲ್ಲಿ ಆ ಕೆಲಸ ಮಾಡುತ್ತಿರುವವರು ನಮ್ಮ ಅಂಗನವಾಡಿ ಅಕ್ಕ ಮತ್ತು ಪ್ರಾಥಮಿಕ ಶಾಲೆಯ ಮೇಷ್ಟ್ರು. ಬಿಸಿಲಿನಲ್ಲಿ ಪಟ್ಟಿ ಹಿಡಿದು ಬಂದಾಗ ಅವರಿಗೆ ಒಂದು ಲೋಟ ನೀರು ಕೊಟ್ಟು, ಐದು ನಿಮಿಷ ಕೂತು ಉತ್ತರ ಹೇಳಿ.

ಮಕ್ಕಳೇ, ನಿಮಗೆ ಒಂದು ಮನೆಗೆಲಸ ಕೊಡುತ್ತೇನೆ. ಕರಡು ಪಟ್ಟಿ ಪ್ರಕಟವಾದಾಗಲೆಲ್ಲ ನಿಮ್ಮ ಮನೆಯ ಹಾಗೂ ಎಡಬಲದ ಎರಡು ಮನೆಯ ಹಿರಿಯರ ಹೆಸರು ಇದೆಯೇ ಎಂದು ನೋಡಿ. ಹೆಸರು, ವಯಸ್ಸು, ಮನೆ ನಂಬರು ಓದಿ ಹೇಳಿ. ತಪ್ಪಿದ್ದರೆ ಚುನಾವಣೆಯ ದಿನದವರೆಗೆ ಕಾಯಬೇಡಿ, ಅಂದೇ ಅರ್ಜಿ ಕೊಡಿಸಿ. ಮತ್ತೆ, ಮೊಬೈಲಿಗೆ ಬಂದ ಒ.ಟಿ.ಪಿ.ಯನ್ನು ಯಾರೇ ಕೇಳಿದರೂ ಹೇಳಬೇಡಿ ಎಂದು ಅಜ್ಜ, ಅಜ್ಜಿಗೆ ದಿನಕ್ಕೊಮ್ಮೆ ಹೇಳಿ. ಅದು ಬ್ಯಾಂಕಿನ ಬೀಗಕ್ಕೂ ಕೀಲಿ, ಪಟ್ಟಿಯ ಬೀಗಕ್ಕೂ ಕೀಲಿ.

ಹಳೆಯ ವಿದ್ಯಾರ್ಥಿ ಗೆಳೆಯರಿಗೆ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಒಂದು ರಂಗಮಂದಿರ ಕಟ್ಟೋಣ ಎಂದು ನಿನ್ನೆ ಮಾತಾಯಿತು. ಕಟ್ಟೋಣ. ಅದರಲ್ಲಿ ನನ್ನ ಪಾಲೂ ಇದೆ. ಆದರೆ ಇನ್ನೊಂದು ಸಣ್ಣ ನಿಧಿಯನ್ನೂ ಮಾಡೋಣ ಎಂದು ಕೇಳಿಕೊಳ್ಳುತ್ತೇನೆ. ಅದರಿಂದ ಹೊಸದೇನನ್ನೂ ಕೊಳ್ಳುವುದು ಬೇಡ. ಬ್ಯಾಟರಿ ಬದಲಾಯಿಸಲು, ಇಂಟರ್‌ನೆಟ್ ಬಿಲ್ಲು ಕಟ್ಟಲು, ಕೆಟ್ಟದ್ದನ್ನು ಸರಿಮಾಡಲು ವರ್ಷವರ್ಷವೂ ಬರುವ ಹಣ ಅದು. ಅದಕ್ಕೆ ಕಲ್ಲಿನ ಮೇಲೆ ಯಾರ ಹೆಸರೂ ಕೆತ್ತುವುದಿಲ್ಲ, ಟೇಪು ಕತ್ತರಿಸಲು ಏನೂ ಇರುವುದಿಲ್ಲ. ಮೊದಲ ಐದು ವರ್ಷದ ಬ್ಯಾಟರಿಯ ಖರ್ಚು ನನ್ನದು. ವರ್ಷಕ್ಕೆ ಎರಡು ಸಲ ಬಂದು ಮಕ್ಕಳ ಜೊತೆ ಕೂರುವುದೂ ನನ್ನದು. ಆರು ಸಲ ಮುಟ್ಟಿದವನ ಸಾಲ ಅದರಿಂದ ತೀರದಿದ್ದರೂ ಬಡ್ಡಿಯಾದರೂ ಸಂದಾಯವಾದೀತು.

ಅಜ್ಜಿಯ ಕಥೆ ಮುಗಿಸಿ ಕೂರುತ್ತೇನೆ. 2008ರ ಆ ಚುನಾವಣೆ ಆದ ಮೇಲೆ ನಮ್ಮ ಗಣಿತದ ಮೇಷ್ಟ್ರೇ, ಇಲ್ಲೇ ಕೂತಿದ್ದಾರೆ, ಅವರೇ ಅರ್ಜಿ ತುಂಬಿಸಿ, ಎರಡು ಸಲ ತಾಲ್ಲೂಕು ಕಚೇರಿಗೆ ಹೋಗಿ, ಹೆಸರು ಸೇರಿಸಿಕೊಟ್ಟರು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಸೀರೆ ಉಟ್ಟು, ಅದೇ ಸೈಕಲ್ ಮೇಲೆ ಬಂದು, ಅದೇ ಮೂರನೆಯ ಕೋಣೆಯಲ್ಲಿ ಮತ ಹಾಕಿದಳು. ಹೊರಗೆ ಬಂದು ಶಾಯಿಯ ಬೆರಳನ್ನು ಎತ್ತಿ ಹಿಡಿದು, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ನೋಡ್ರಪ್ಪಾ, ನಾನು ಬದುಕಿವ್ನಿ" ಎಂದಳು. ಅವಳು ಈಗಿಲ್ಲ. ಆದರೆ ಒಂದು ರಾಜ್ಯ ಕೋಟಿಗಟ್ಟಲೆ ಖರ್ಚು ಮಾಡಿ ಕಾಪಾಡಲು ಹೊರಟದ್ದು ಏನನ್ನು ಎಂದು ಯಾರಾದರೂ ಕೇಳಿದರೆ, ನನಗೆ ನೆನಪಾಗುವುದು ಎತ್ತಿದ ಆ ಬೆರಳು.